ಎರಡು ಬಾಗಿಲಿನ ಮನೆ

ನಮ್ಮ ಮನೆಗೆ ಎರಡು ಬಾಗಿಲು. ಒಂದು ರಸ್ತೆ ಕಡೆಗಿದೆ. ಹಾಲಿನವನು, ನೆಂಟರು, ಗ್ಯಾಸ್ ಸಿಲಿಂಡರ್ ಎಲ್ಲ ಬರುವುದು ಆ ಕಡೆಯಿಂದ. ಇನ್ನೊಂದು ಅಡುಗೆಮನೆ ಪಕ್ಕದಲ್ಲಿದೆ. ಅದನ್ನು ತೆರೆದರೆ ನೇರ ಹಾಸ್ಟೆಲ್ಲಿನ ಕಾರಿಡಾರು. ಅಲ್ಲಿಂದಾಚೆ ಇನ್ನೂರ ಹತ್ತು ಹುಡುಗಿಯರು. ನಾನು ಅವರ ವಾರ್ಡನ್.

ವಾರ್ಡನ್ ಆಗಬೇಕೆಂದು ನಾನೇನೂ ಹರಕೆ ಹೊತ್ತಿರಲಿಲ್ಲ. ಸಸ್ಯಶಾಸ್ತ್ರ ಪಾಠ ಮಾಡಿಕೊಂಡು ಹಾಯಾಗಿದ್ದೆ. ಕ್ಯಾಂಪಸ್ಸಿನಲ್ಲಿ ಒಂದು ಕ್ವಾರ್ಟರ್ಸ್ ಕೊಡಿ ಎಂದು ಅರ್ಜಿ ಹಾಕಿದ್ದೆ, ಅಷ್ಟೇ. ಆರು ತಿಂಗಳಾದ ಮೇಲೆ ಕ್ವಾರ್ಟರ್ಸ್ ಸಿಕ್ಕಿತು. ಅದರ ಬೆನ್ನಿಗೆ ಅಂಟಿಕೊಂಡೇ ಹಾಸ್ಟೆಲ್ಲೂ ಬಂತು.

ವಾರ್ಡನ್ ಅಲ್ಲೇ ಇರಬೇಕು ಅನ್ನುವುದು ಯಾರದೋ ಹಟವಲ್ಲ. ರ‍್ಯಾಗಿಂಗ್ ತಡೆಯಲು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, 2009ರಲ್ಲಿ ಮಾಡಿದ ನಿಯಮಗಳಲ್ಲೇ ಹಾಗಿದೆ. ವಾರ್ಡನ್ ಹಾಸ್ಟೆಲ್ಲಿನಲ್ಲಿ ವಾಸ ಮಾಡಬೇಕು, ಆಗದಿದ್ದರೆ ತೀರ ಹತ್ತಿರದಲ್ಲಾದರೂ ಇರಬೇಕು. ಯಾವ ಹೊತ್ತಿನಲ್ಲಿ ಬೇಕಾದರೂ ಸಿಗಬೇಕು. ಶಿಸ್ತು ಕಾಯುವ ಗಟ್ಟಿತನ ಇರಬೇಕು, ಮಕ್ಕಳ ಮನಸ್ಸು ಅರಿತು ಮಾತಾಡುವ ಮೆದುತನವೂ ಇರಬೇಕು. ಇಷ್ಟು ಗುಣ ಕೇಳಿಕೊಂಡು ಜಾತಕ ನೋಡಲು ಹೊರಟರೆ ಮದುವೆಯೇ ಆಗುವುದಿಲ್ಲ. ಸಂಸ್ಥೆಯೇ ವಾರ್ಡನ್‌ಗೆ ಮೊಬೈಲ್ ಕೊಟ್ಟು, ಆ ನಂಬರನ್ನು ಹಾಸ್ಟೆಲ್ಲಿನವರಿಗೆಲ್ಲ ತಿಳಿಸಬೇಕು ಅಂತಲೂ ಅದರಲ್ಲಿದೆ. ತಿಳಿಸುವ ಕೆಲಸ ಮೊದಲ ದಿನವೇ ಮುಗಿಯಿತು. ನಂಬರ್ ನನ್ನದೇ. ಫೋನೂ ನನ್ನದೇ.

ಪಾಪ, ಜಾಸ್ತಿ ಕಷ್ಟ ಆಗಿದ್ದು ನಮ್ಮ ಯಜಮಾನರಿಗೆ. ಹುಡುಗಿಯರ ಹಾಸ್ಟೆಲ್ಲಿನ ಆವರಣದೊಳಗೆ ಸಂಜೆ ಆರರ ಮೇಲೆ ಗಂಡಸರು ಬರುವ ಹಾಗಿಲ್ಲ. ಹೊಸದಾಗಿ ಬಂದ ವಾಚ್‌ಮನ್ ಅಜ್ಜನಿಗೆ ಈ ನಿಯಮವೊಂದನ್ನು ಬಾಯಿಪಾಠ ಮಾಡಿಸಿದ್ದರು. ಮೊದಲ ದಿನವೇ ಇವರನ್ನು ಗೇಟಿನಲ್ಲಿ ತಡೆದು ರಿಜಿಸ್ಟರ್ ಚಾಚಿದ. ಇವರು ಆಫೀಸಿನಿಂದ ದಣಿದು ಬಂದಿದ್ದರು, ವಾದ ಮಾಡಲಿಲ್ಲ. ಮರುದಿನ ಪುಸ್ತಕಕ್ಕೆ ಸಹಿ ಹಾಕಲು ಹೋದಾಗ ನೋಡಿದೆ. ಯಾರನ್ನು ನೋಡಲು: ವಾರ್ಡನ್. ಸಂಬಂಧ: ಗಂಡ. ಬಂದ ಕಾರಣ: ಊಟ. ಹೊರಟ ಸಮಯ ಖಾಲಿ ಬಿಟ್ಟಿದ್ದರು. ಅದಕ್ಕೆ ಅಜ್ಜ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದ.

ಇನ್ನೂರ ಹತ್ತು ಜನರ ಮೇಲೆ ಕಣ್ಣಿಡಲು ನನ್ನನ್ನು ಇಲ್ಲಿ ಕೂರಿಸಿದ್ದಾರೆ. ಆದರೆ ನನ್ನ ಮೇಲಿರುವುದು ನಾನೂರ ಇಪ್ಪತ್ತು ಕಣ್ಣು. ಕಿವಿ, ಮೂಗಿನ ಲೆಕ್ಕ ಬೇರೆ. ನಮ್ಮ ಕುಕ್ಕರ್ ಎಷ್ಟು ಸೀಟಿ ಹಾಕಿತು, ಒಗ್ಗರಣೆಗೆ ಬೆಳ್ಳುಳ್ಳಿಯೋ ಇಂಗೋ, ಎಲ್ಲ ಕಾರಿಡಾರಿಗೆ ಗೊತ್ತು. ಭಾನುವಾರ ಬಂಗಡೆ ಹುರಿದ ದಿನವೇ ಕುಂದಾಪುರದ ಹುಡುಗಿಗೆ ರಜಾ ಚೀಟಿಗೆ ಸಹಿ ಬೇಕಾಗುತ್ತದೆ. ಸಹಿ ಹಾಕುವಷ್ಟು ಹೊತ್ತು ಅವಳು ಒಲೆಯ ಕಡೆ ನೋಡುವುದೇ ಇಲ್ಲ. ಅಷ್ಟು ಮರ್ಯಾದಸ್ಥಳು. ಎರಡು ತುಂಡು ಕೊಟ್ಟೇ ಕಳಿಸುತ್ತೇನೆ.

ಕಾಯಿಲ್ ವಿಷಯದಲ್ಲಂತೂ ನನ್ನ ಮಾನವೇ ಹೋಯಿತು. ನೀರು ಕಾಯಿಸುವ ಕಾಯಿಲ್ ರೂಮಿನಲ್ಲಿ ಇಟ್ಟುಕೊಳ್ಳಬಾರದು ಎನ್ನುವುದು ನಮ್ಮ ಕಟ್ಟುನಿಟ್ಟಿನ ನಿಯಮ. ಒಂದೊಂದು 1500 ವ್ಯಾಟ್ ಎಳೆಯುತ್ತದೆ. ಬೆಳಿಗ್ಗೆ ಆರಕ್ಕೆ ಹನ್ನೆರಡು ರೂಮಿನವರು ಒಟ್ಟಿಗೆ ಹಾಕಿದರೆ 18 ಕಿಲೋವ್ಯಾಟ್. ವೈರಿಂಗ್ ಹಳೆಯದು, ಲೋಡು ಜಾಸ್ತಿಯಾದರೆ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ಚು ಟಪ್ ಅಂತ ಬೀಳುತ್ತದೆ. ಹಾಗಾಗಿ ತಿಂಗಳಿಗೊಮ್ಮೆ ರೂಮು ತಪಾಸಣೆ ಮಾಡಿ ಹಿಡಿದು ತರುತ್ತೇನೆ. ನಮ್ಮ ಮಂಚದ ಕೆಳಗೆ ಒಂದು ರಟ್ಟಿನ ಪೆಟ್ಟಿಗೆ ಇದೆ. ಹದಿನಾಲ್ಕು ಕಾಯಿಲ್, ಆರು ಕೆಟಲ್, ಒಂದು ಇಸ್ತ್ರಿ ಪೆಟ್ಟಿಗೆ. ಎಲ್ಲದಕ್ಕೂ ರೂಮ್ ನಂಬರಿನ ಚೀಟಿ ಅಂಟಿಸಿದ್ದೇನೆ. ಡಿಸೆಂಬರಿನಲ್ಲಿ ನಮ್ಮ ಗೀಸರ್ ಕೆಟ್ಟಿತು. ಚಳಿ ಕೊರೆಯುತ್ತಿತ್ತು. ಸುಮ್ನೆ ಒಂದು ದಿನಕ್ಕೆ ಅಂತ ಆ ಪೆಟ್ಟಿಗೆಯಿಂದ ಒಂದು ಕಾಯಿಲ್ ತೆಗೆದು ಬಕೆಟ್ಟಿಗೆ ಇಳಿಬಿಟ್ಟೆ. ಎರಡೇ ನಿಮಿಷ, ಇಡೀ ವಿಂಗ್ ಕತ್ತಲು. ಅಡುಗೆಮನೆ ಪಕ್ಕದ ಬಾಗಿಲು ತಟ್ಟಿದ ಸದ್ದು.

"ಮೇಡಂ, ನಿಮ್ಮನೇಲಿ ಕಾಯಿಲ್ ಹಾಕಿದ್ರಾ?"

ಯಾರೂ ನಗಲಿಲ್ಲ. ಅದೇ ಕಷ್ಟವಾಗಿದ್ದು. ಆ ತಿಂಗಳು ತಪಾಸಣೆಗೆ ಹೋಗಲು ನನಗೆ ಮುಖವಿರಲಿಲ್ಲ.

ಮೆಸ್ಸಿನ ಮೀಟಿಂಗೂ ಆ ಬಾಗಿಲಿನಲ್ಲೇ ನಡೆಯುತ್ತದೆ. ನಮ್ಮದು ಡಿವೈಡಿಂಗ್ ಸಿಸ್ಟಮ್. ದಿನಸಿ, ತರಕಾರಿ, ಹಾಲು, ಗ್ಯಾಸ್ ಸೇರಿ ತಿಂಗಳಿಗೆ ಎಷ್ಟು ಖರ್ಚಾಯಿತೋ ಅದನ್ನು ಎಲ್ಲರೂ ಉಂಡ ಒಟ್ಟು ದಿನಗಳಿಂದ ಭಾಗಿಸಿ ದಿನದ ರೇಟು ತೆಗೆಯುವುದು. ಊರಿಗೆ ಹೋಗುವವರು ಮೊದಲೇ ಬರೆದುಕೊಟ್ಟರೆ ಅಷ್ಟು ದಿನ ಮೆಸ್ ಕಟ್. ಹುಡುಗಿಯರು ಈ ಲೆಕ್ಕದಲ್ಲಿ ಎಂಥ ಗಟ್ಟಿ ಅಂದರೆ, ಎಂ.ಎ. ಕನ್ನಡದವಳೊಬ್ಬಳು ನಮ್ಮ ಗುಮಾಸ್ತರ ತಪ್ಪು ಹಿಡಿದು ತಲೆಗೆ ನಲವತ್ತು ರೂಪಾಯಿ ಇಳಿಸಿದಳು. ಜಗಳ ಇರುವುದು ದುಡ್ಡಿನದಲ್ಲ, ತಟ್ಟೆಯದು. ಸಿಂಧನೂರಿನವಳಿಗೆ ದಿನಾ ರೊಟ್ಟಿ ಬೇಕು. ಮಂಡ್ಯದವಳಿಗೆ ವಾರಕ್ಕೊಮ್ಮೆಯಾದರೂ ಮುದ್ದೆ. ಕುಂದಾಪುರದವಳು ಕುಚಲಕ್ಕಿ ಕೇಳಿ ಕೇಳಿ ಸುಮ್ಮನಾಗಿದ್ದಾಳೆ. ಕರ್ನಾಟಕದ ಏಕೀಕರಣ ಆಗಿದ್ದು 1956ರಲ್ಲಿ ಅಂತ ಪುಸ್ತಕದಲ್ಲಿದೆ. ನಮ್ಮ ಮೆಸ್ಸಿನಲ್ಲಿ ಇನ್ನೂ ಮಾತುಕತೆ ನಡೆಯುತ್ತಿದೆ.

ನಮ್ಮ ಅಜ್ಜ ಮೈಸೂರಿನಲ್ಲಿ ವಾರಾನ್ನ ಮಾಡಿಕೊಂಡು ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಏಳು ದಿನಕ್ಕೆ ಏಳು ಮನೆ, ಏಳು ಜನ ವಾರ್ಡನ್‌ಗಳು ಅನ್ನಿ. ಗುರುವಾರದ ಮನೆಯ ಅಜ್ಜಿ ಬಡಿಸುವ ಮೊದಲು ಮಗ್ಗಿ ಒಪ್ಪಿಸಲು ಹೇಳುತ್ತಿದ್ದರಂತೆ. ಇನ್ನು ಮಕ್ಕಳ ಜೊತೆಗೇ ಇದ್ದು ಕಾಯುವುದು ಅಂದರೆ ನಮ್ಮ ನಾಡಿನಲ್ಲಿ ನೆನಪಾಗುವುದು ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ. 2019ರಲ್ಲಿ, 111ನೇ ವಯಸ್ಸಿನಲ್ಲಿ ತೀರಿಕೊಂಡರು. ಅಲ್ಲಿ ಸಾವಿರಾರು ಮಕ್ಕಳು ಉಂಡು, ಓದಿ ಹೋದರು. ಅವರನ್ನು ನೆನೆದಾಗಲೆಲ್ಲ ಇನ್ನೂರ ಹತ್ತಕ್ಕೇ ಉಸ್ಸಪ್ಪಾ ಅನ್ನುವ ನನಗೆ ನಾಚಿಕೆಯಾಗುತ್ತದೆ. ಆದರೆ ಒಂದು ಮಾತು, ಅವರ ಗಂಡನನ್ನು ಗೇಟಿನಲ್ಲಿ ಯಾರೂ ತಡೆಯುತ್ತಿರಲಿಲ್ಲ ಅಲ್ವಾ!

ಹೋದ ತಿಂಗಳು ಯಜಮಾನರು ಊರಿಗೆ ಹೋಗಿದ್ದರು. ಉತ್ತರ ಪತ್ರಿಕೆ ತಿದ್ದುವುದು ಬೆಟ್ಟದಷ್ಟಿತ್ತು. ರಾತ್ರಿ ಒಂದೂವರೆ ಆಗಿರಬೇಕು, ಒಳಗಿನ ಬಾಗಿಲು ತಟ್ಟಿತು. ಆ ಹೊತ್ತಿನ ಸದ್ದು ಕೇಳಿದರೆ ಈಗಲೂ ನನ್ನ ಎದೆ ಧಸಕ್ ಅನ್ನುತ್ತದೆ. ಜ್ವರವೋ, ಯಾರಾದರೂ ಬಿದ್ದರೋ, ಊರಿನಿಂದ ಕೆಟ್ಟ ಸುದ್ದಿಯೋ. ಆಂಬ್ಯುಲೆನ್ಸಿನ 108 ಒತ್ತಲು ಫೋನ್ ಹಿಡಿದುಕೊಂಡೇ ಬಾಗಿಲು ತೆಗೆದೆ.

ಸಿಂಧನೂರಿನ ಹುಡುಗಿ.

"ಏನಾಯ್ತೇ?"

"ಏನಿಲ್ರಿ ಮೇಡಂ. ದಿನಾ ಹನ್ನೊಂದಕ್ಕ ಲೈಟ್ ಆರಿಸ್ತೀರಿ. ಇವತ್ತ ಇನ್ನೂ ಉರೀತಾನೇ ಇತ್ತು. ಸರೂ ಊರಾಗಿಲ್ಲ. ಆರಾಮಿಲ್ಲೇನೋ ಅಂತ ಬಂದೆ."

ಕೈಯಲ್ಲಿ ಒಂದು ಡೋಲೋ ಸ್ಟ್ರಿಪ್. ಹಿಂದಿನ ವಾರ ಅವಳಿಗೆ ಜ್ವರ ಬಂದಾಗ ನಾನೇ ಕೊಟ್ಟಿದ್ದು. ಎರಡು ಮಾತ್ರೆ ಖಾಲಿಯಾಗಿತ್ತು. ರಾತ್ರಿ ಹತ್ತೂವರೆ ಮೇಲೆ ಕಾರಿಡಾರಿನಲ್ಲಿ ಓಡಾಡುವಂತಿಲ್ಲ ಎಂಬ ನೋಟಿಸು ಅವಳ ತಲೆಯ ಹಿಂದೆಯೇ ಗೋಡೆಯ ಮೇಲಿತ್ತು. ಕೆಳಗೆ ನನ್ನ ಸಹಿ.

ಒಂದು ಮಾತ್ರೆ ಇಸ್ಕೊಂಡು ಬಾಗಿಲು ಹಾಕಿದೆ.