ವೈನ್ ಮ್ಯೂಸಿಯಂಗೆ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ನಾವಿರುವುದು ಫ್ರಾನ್ಸಿನ ತುಲೂಸಿನಲ್ಲಿ. ಇಲ್ಲಿಂದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ ದಾರಿಗೆ ಬೋರ್ಡೋ. ಅಲ್ಲಿ 2016ರಲ್ಲಿ ತೆರೆದ 'ಲಾ ಸಿತೆ ದ್ಯು ವ್ಯಾಂ' ಎಂಬ ವೈನ್ ಮ್ಯೂಸಿಯಂ ಇದೆ. ಊರಿಂದ ಅಪ್ಪಯ್ಯ ಬಂದಿದ್ದಾಗ ಎಲ್ಲರೂ ಹೋಗೋಣ ಅಂದೆ. "ಮಕ್ಕಳನ್ನು ಕಟ್ಕೊಂಡು ಅಲ್ಲಿಗಾ?" ಅಂದಳು ಹೆಂಡತಿ. ಕೊನೆಗೆ ಊರಿನ ವಾಟ್ಸಾಪ್ ಗುಂಪಿಗೆ ಒಂದೂ ಫೋಟೋ ಹೋಗಬಾರದು ಎಂಬ ಷರತ್ತಿನ ಮೇಲೆ ಒಪ್ಪಿದಳು.

ತಕರಾರು ಮಾಡಬೇಕಿದ್ದ ಅಪ್ಪಯ್ಯ ಮಾತ್ರ ತುದಿಗಾಲಲ್ಲಿ ನಿಂತಿದ್ದರು. ಅವರು ಜನ್ಮದಲ್ಲಿ ವೈನ್ ಮುಟ್ಟಿದವರಲ್ಲ. ಆದರೆ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರನಿಗೆ ಬೋರ್ಡೋ ಅಂದರೆ ಮನೆಮಾತು. ಮಳೆಗಾಲ ಬಂತೆಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ, ಡ್ರಮ್ಮು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ 'ಬೋರ್ಡೋ ದ್ರಾವಣ' ಎಂಬ ಆ ಔಷಧಿ ಹುಟ್ಟಿದ್ದೇ ಇಲ್ಲಿನ ದ್ರಾಕ್ಷಿತೋಟಗಳಲ್ಲಿ. ದಾರಿಹೋಕರು ಹಣ್ಣು ಕಿತ್ತು ತಿನ್ನದಿರಲಿ ಅಂತ ತೋಟದವರು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಬಳಿಯುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ಬೂಷ್ಟು ರೋಗ ತಗಲಲಿಲ್ಲ. ಬೋರ್ಡೋ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಮಿಯಾರ್ದೆ ಇದನ್ನು 1882ರಲ್ಲಿ ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದರು. ಆಮೇಲೆ ಅದನ್ನು ನಮ್ಮ ಅಡಿಕೆ ತೋಟಕ್ಕೆ ತಂದವರು 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಸೇರಿದ ಕೆನಡಾದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. ಹಣ್ಣು ಕದಿಯುವವರಿಗೆ ಹೆದರಿ ಮಾಡಿದ ಉಪಾಯ ನಮ್ಮ ಮಲೆನಾಡಿನ ಅನ್ನ ಉಳಿಸಿತು ನೋಡಿ!

ಮ್ಯೂಸಿಯಂ ಗರೋನ್ ನದಿಯ ದಂಡೆಯಲ್ಲಿದೆ. 55 ಮೀಟರ್ ಎತ್ತರದ, ಒಂದೂ ನೇರ ಗೋಡೆಯಿಲ್ಲದ ಹೊಳೆಯುವ ಕಟ್ಟಡ. ಲೋಟದಲ್ಲಿ ವೈನ್ ಕುಲುಕಿದ ಹಾಗೆ ಕಾಣಲಿ ಅಂತ ಹಾಗೆ ಕಟ್ಟಿದ್ದಾರೆ. ನನಗೇನೋ ಅಷ್ಟು ಹಿಡಿಸಲಿಲ್ಲ. ಒಳಗಿನದು ಬೇರೆ ಮಾತು. ಅಲ್ಲಿ ಬಾಟಲಿ ಸಾಲಾಗಿ ಇಟ್ಟು ಚೀಟಿ ಅಂಟಿಸಿಲ್ಲ. ಕೈ ಹಾಕಿ, ಮೂಸಿ, ಕೇಳಿ ನೋಡಬೇಕು. ರಬ್ಬರ್ ಬುಗ್ಗೆ ಹಿಸುಕಿದರೆ ಕೊಳವೆಯಿಂದ ವಾಸನೆ ಬರುತ್ತದೆ, ಅದು ಯಾವುದು ಅಂತ ನಾವು ಹೇಳಬೇಕು. ಮಗಳು ಅಲ್ಲಿಂದ ಕದಲಲೇ ಇಲ್ಲ. ಕಣ್ಣು ಮುಚ್ಚಿ ಮೂಸುವುದು, "ಗುಲಾಬಿ", "ಅಜ್ಜನ ಚಪ್ಪಲಿ" ಅಂತ ಕೂಗುವುದು. ಚಪ್ಪಲಿ ಅಂದದ್ದು ಚರ್ಮದ ವಾಸನೆಗೆ, ಹಾಗಾಗಿ ಪೂರ್ತಿ ಅಂಕ ಕೊಟ್ಟೆವು.

ಅಪ್ಪಯ್ಯ ಬೆಳೆಗಾರರು ಮಾತಾಡುವ ಪರದೆಗಳ ಮುಂದೆ ನಿಂತರು. ಭಾಷೆ ಗೊತ್ತಾಗದಿದ್ದರೂ ಬಳ್ಳಿ ಕತ್ತರಿಸುವ ಕೈ, ಮಣ್ಣು ಪುಡಿಮಾಡಿ ನೋಡುವ ಬೆರಳು ಅವರಿಗೆ ಗೊತ್ತು. "ಇವರದ್ದೂ ನಮ್ಮದೇ ಕಥೆ ಮಾರಾಯ" ಅಂದರು.

ಎಂಟನೇ ಮಹಡಿಯಲ್ಲಿ ಟಿಕೆಟ್ ಜೊತೆಗೆ ದೊಡ್ಡವರಿಗೆ ಒಂದು ಲೋಟ ವೈನ್, ಮಕ್ಕಳಿಗೆ ದ್ರಾಕ್ಷಿ ರಸ. ಅಪ್ಪಯ್ಯ ಮಕ್ಕಳ ಪಂಗಡ ಸೇರಿದರು. ರಸ ಕುಡಿದು, ಜೇಬಿನಿಂದ ಕವಳದ ಡಬ್ಬಿ ತೆಗೆದು, ಎಲೆ ಸಿಗದ ಊರಲ್ಲಿ ಬರೀ ಅಡಿಕೆ ಹೋಳೇ ಗತಿ ಅಂತ ಬಾಯಿಗೆ ಹಾಕಿಕೊಂಡರು. ಸುತ್ತ ಜನ ವೈನ್ ಹೀರುತ್ತಿದ್ದಾರೆ, ನಡುವೆ ಇವರು ಅಡಿಕೆ ಅಗಿಯುತ್ತಿದ್ದಾರೆ. ಯಾರಿಗೂ ಯಾರದ್ದೂ ವಿಚಿತ್ರ ಅನಿಸಲಿಲ್ಲ.

ನನ್ನ ತಲೆಯಲ್ಲಿ ಉಳಿದದ್ದು ಇದೇ. ಇಲ್ಲಿಯವರಿಗೆ ವೈನ್ ಏನೋ, ನಮಗೆ ಎಲೆ ಅಡಿಕೆ ಅದು. ಅತಿಥಿಗೆ ಮೊದಲು ಕೊಡುವುದು, ಮದುವೆಗೆ ಬೇಕೇ ಬೇಕಾದದ್ದು, ಸಾವಿರಾರು ಸಂಸಾರಗಳ ಬೆಳೆ. ಇನ್ನೊಂದು ಹೋಲಿಕೆ ನಮಗೆ ಕೇಳಲು ಇಷ್ಟವಿಲ್ಲ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಪಟ್ಟಿಯಲ್ಲಿ ಮದ್ಯವೂ ಅಡಿಕೆಯೂ ಒಂದೇ ಗುಂಪಿನಲ್ಲಿವೆ, ಕ್ಯಾನ್ಸರ್ ತರುವುದು ಖಚಿತ ಎಂಬ ಮೊದಲ ಗುಂಪಿನಲ್ಲಿ. ಹಾಗಿದ್ದೂ ಒಂದನ್ನು ಮಕ್ಕಳ ಕಣ್ಣಿಗೆ ಬೀಳದಂತೆ ಕಪ್ಪು ಕವರಿನಲ್ಲಿ ತರುತ್ತೇವೆ, ಇನ್ನೊಂದನ್ನು ತಟ್ಟೆಯಲ್ಲಿಟ್ಟು ನಮಸ್ಕಾರ ಮಾಡುತ್ತೇವೆ.

ಹಾಗಂತ ಇಲ್ಲಿಯವರು ಜಾಣರು, ನಾವು ಮಡಿವಂತರು ಅಂತ ನಾನು ಹೇಳಲಾರೆ. ಇದೇ ಫ್ರಾನ್ಸಿನಲ್ಲಿ ಶಾಲೆಯ ಊಟದ ಜೊತೆ ಸಣ್ಣ ಮಕ್ಕಳಿಗೂ ವೈನ್ ಸಿಗುತ್ತಿತ್ತು. 14 ವರ್ಷದೊಳಗಿನವರಿಗೆ ಅದನ್ನು ನಿಲ್ಲಿಸಿದ್ದೇ 1956ರಲ್ಲಿ. 1991ರಲ್ಲಿ ಮದ್ಯದ ಜಾಹೀರಾತಿಗೆ ಕಡಿವಾಣ ಹಾಕುವ ಕಾನೂನು ಬಂತು. ಈಗ 18 ತುಂಬದವರಿಗೆ ಮಾರುವಂತಿಲ್ಲ. ಅಂದರೆ ಹೆಮ್ಮೆಯನ್ನೂ ಬಿಡದೆ, ನಿಧಾನಕ್ಕೆ ಹಗ್ಗ ಬಿಗಿ ಮಾಡಿದ್ದಾರೆ.

ನಮ್ಮಲ್ಲಿ 2007ನೇ ಇಸವಿ ಒಂದೇ ಸಾಕು. ಆ ವರ್ಷ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಅದೇ ವರ್ಷ ದ್ರಾಕ್ಷಿ ಬೆಳೆಗಾರರಿಗಾಗಿ ವೈನ್ ನೀತಿಯೂ ಬಂತು. ಎರಡಕ್ಕೂ ಕಾರಣವಿತ್ತು, ನಾನು ಎರಡನ್ನೂ ಒಪ್ಪುತ್ತೇನೆ. ಸಾರಾಯಿಯಿಂದ ಮನೆ ಹಾಳಾದ ಹೆಂಗಸಿನ ಮುಂದೆ ನಿಂತು ಮದ್ಯವೂ ಒಂದು ಸಂಸ್ಕೃತಿ ಅಂತ ಭಾಷಣ ಬಿಗಿಯಲು ನನಗೆ ಬಾಯಿ ಬರುವುದಿಲ್ಲ. ಹೆಂಡತಿಯ ಫೋಟೋ ಷರತ್ತನ್ನು ನಾನು ನಗೆಯಾಡದೇ ಇದ್ದದ್ದೂ ಅದಕ್ಕೇ. ಕುಡಿತ ಅಂದರೆ ನಮ್ಮ ಊರುಗಳಲ್ಲಿ ಸಂಜೆಯ ಊಟದ ಲೋಟವಲ್ಲ, ಮನೆಯ ಜಗಳ.

ಆದರೆ ಬೆಳೆಯನ್ನು ತೋರಿಸುವ ವಿದ್ಯೆ ಮಾತ್ರ ಇವರಿಂದ ಕಲಿಯಲೇಬೇಕು. ಹತ್ತು ವರ್ಷದ ಹುಡುಗಿ ಒಂದು ಹನಿ ಕುಡಿಯದೆ, ದ್ರಾಕ್ಷಿ ಯಾವ ಮಣ್ಣಲ್ಲಿ ಬರುತ್ತದೆ, ಹೇಗೆ ಹುಳಿಯುತ್ತದೆ ಅಂತ ತಿಳಿದುಕೊಂಡಳು. ಅವಳ ಅಜ್ಜನ ತೋಟದ ಬಗ್ಗೆ ಅವಳಿಗೆ ಇದರ ಕಾಲು ಭಾಗವೂ ಗೊತ್ತಿಲ್ಲ. ಅಡಿಕೆ ಬೇಯಿಸುವಾಗ ಹಂಡೆಯಿಂದ ಏಳುವ ಚೊಗರಿನ ವಾಸನೆಯನ್ನು ಒಂದು ರಬ್ಬರ್ ಬುಗ್ಗೆಗೆ ತುಂಬಿಡಬಹುದಲ್ವಾ? ಮಳೆಗೆ ಕೊಳೆಯದಂತೆ ಅಡಿಕೆ ಗೊನೆಗೆ ಹೊದಿಸುವ ಕೊಟ್ಟೆಯನ್ನು ಮಕ್ಕಳೇ ಕಟ್ಟಿ ನೋಡಲಿ. ಜೊತೆಗೆ ಒಂದು ಕೋಣೆ ಬಾಯಿ ಕ್ಯಾನ್ಸರಿಗೂ ಇರಲಿ, 2013ರ ಗುಟ್ಕಾ ನಿಷೇಧಕ್ಕೂ ಇರಲಿ. ಅದನ್ನು ಬಿಟ್ಟರೆ ಅದು ಮ್ಯೂಸಿಯಂ ಅಲ್ಲ, ಅಂಗಡಿ.

ವಾಪಸ್ ಬರುವಾಗ ರೈಲಿನಲ್ಲಿ ಇದನ್ನೆಲ್ಲ ಅಪ್ಪಯ್ಯನಿಗೆ ಹೇಳಿದೆ. ಕ್ಯಾನ್ಸರ್ ಕೋಣೆಯ ಮಾತಿಗೆ ಸ್ವಲ್ಪ ಮುಖ ಗಂಟು ಹಾಕಿದರು. ಆಮೇಲೆ ಅಂದರು, "ಕಟ್ಟು, ಬೇಡ ಅನ್ನಲ್ಲ. ಆದ್ರೆ ಮೊದ್ಲು ಮರ ಹತ್ತಿ ಅಡಿಕೆ ಗೊನೆ ತೆಗೆಯೋಕೆ ಜನ ಹುಡುಕಿ ಕೊಡು."