ಬಾವುಟ ಕೊಟ್ಟರು, ಪೊಲೀಸ್ ಕೊಡಲಿಲ್ಲ

ಡಿಸೆಂಬರ್ 30 ಬಂದರೆ ಸಾಕು, ನಮ್ಮ ಬೈಲಹೊಂಗಲದ ವಾಟ್ಸಾಪ್ ಗ್ರೂಪುಗಳ ತುಂಬ ಒಂದೇ ಫೋಟೊ. 1943ರಲ್ಲಿ ನೇತಾಜಿ ಪೋರ್ಟ್ ಬ್ಲೇರ್‌ನಲ್ಲಿ ತ್ರಿವರ್ಣ ಧ್ವಜ ಹಾರಿಸಿದ ದಿನ. ನನಗೂ ಮೈ ಜುಮ್ ಅನ್ನುತ್ತದೆ. ಆದರೆ ಕಥೆಯನ್ನು ಅಲ್ಲಿಗೇ ನಿಲ್ಲಿಸಿಬಿಡ್ತೀವಲ್ಲ, ಅದಕ್ಕೆ ನನ್ನ ತಕರಾರು.

ಜಪಾನಿನವರು ಅಂಡಮಾನ್ ಹಿಡಿದದ್ದು 1942ರ ಮಾರ್ಚ್‌ನಲ್ಲಿ. ಮರುವರ್ಷ ನವೆಂಬರ್‌ನಲ್ಲಿ ಟೋಕಿಯೊ ಸಮ್ಮೇಳನದಲ್ಲಿ ಅವರ ಪ್ರಧಾನಿ ಟೋಜೊ, ಅಂಡಮಾನ್, ನಿಕೋಬಾರ್ ದ್ವೀಪಗಳನ್ನು ಆಜಾದ್ ಹಿಂದ್ ಸರ್ಕಾರಕ್ಕೆ, ಅಂದರೆ ನೇತಾಜಿ ದೇಶದ ಹೊರಗೆ ಕಟ್ಟಿದ್ದ ಸರ್ಕಾರಕ್ಕೆ, ಒಪ್ಪಿಸ್ತೀವಿ ಅಂದ. ನೇತಾಜಿ ಅವಕ್ಕೆ ಶಹೀದ್, ಸ್ವರಾಜ್ ಅಂತ ಹೆಸರಿಟ್ಟರು. ಆಡಳಿತಕ್ಕೆ ಲೋಗನಾಥನ್ ಅವರನ್ನು ಕಳಿಸಿದರು. ಸೈನ್ಯದಲ್ಲಿ ಡಾಕ್ಟರ್ ಆಗಿದ್ದವರು, ಈಗ ಚೀಫ್ ಕಮಿಷನರ್.

ಅವರು 1944ರ ಫೆಬ್ರವರಿಯಲ್ಲಿ ಅಲ್ಲಿಗೆ ಹೋದರೆ ಏನಿದೆ? ಯುದ್ಧ ಮುಗಿಯುವವರೆಗೆ ಪೂರ್ತಿ ಬಿಟ್ಟುಕೊಡಲು ಆಗುವುದಿಲ್ಲ ಅಂದರು ಜಪಾನಿ ಅಧಿಕಾರಿಗಳು. ಪೊಲೀಸ್ ಇಲಾಖೆಯಂತೂ ಇಲ್ಲವೇ ಇಲ್ಲ. ಹಾಗಾದರೆ ಉಳಿದ ಇಲಾಖೆಗಳೂ ನನಗೆ ಬೇಡ ಅಂತ ಲೋಗನಾಥನ್ ಕೂತರು. ಶಿಕ್ಷಣ ಒಂದನ್ನು ಮಾತ್ರ ತಗೊಂಡರು.

ಪೊಲೀಸ್‌ಗಾಗಿ ಯಾಕೆ ಅಷ್ಟು ಹಟ? ಆ ದ್ವೀಪದಲ್ಲಿ ಆಗ ಯಾರ ಮೇಲೆ ಬೇಕಾದರೂ ಬ್ರಿಟಿಷರ ಗೂಢಚಾರ ಅನ್ನೋ ಹಣೆಪಟ್ಟಿ ಬೀಳುತ್ತಿತ್ತು, ಹಿಡಿದು ಒಳಗೆ ಹಾಕೋದು ಪೊಲೀಸ್ ಕೈಲಿತ್ತು. ಡಾ. ದಿವಾನ್ ಸಿಂಗ್ ಇಂಡಿಯನ್ ಇಂಡಿಪೆಂಡೆನ್ಸ್ ಲೀಗಿನ ಅಲ್ಲಿನ ಮುಂದಾಳು. ಅಂದರೆ ನೇತಾಜಿ ಕಡೆಯವರೇ. ನೇತಾಜಿ ಬಂದುಹೋದಾಗ ಅವರು ಅದೇ ಊರಿನ ಸೆಲ್ಯುಲರ್ ಜೈಲಿನಲ್ಲಿದ್ದರು. ಚಿತ್ರಹಿಂಸೆಗೆ ಜನವರಿ 14ರಂದು ಪ್ರಾಣ ಬಿಟ್ಟರು. ಜನವರಿ 30ಕ್ಕೆ ಅಲ್ಲಿನ ಹಂಫ್ರಿಗಂಜ್‌ನಲ್ಲಿ ಜಪಾನಿನವರು 44 ಮಂದಿಯನ್ನು ಗುಂಡಿಟ್ಟು ಕೊಂದರು. ಅವರಲ್ಲೂ ಲೀಗಿನವರು ಇದ್ದರು. ಬಾವುಟ ಹಾರಿ ಆಗಿನ್ನೂ ಒಂದೇ ತಿಂಗಳು!

ಹೆಸರು ಒಬ್ಬರದು, ಅಧಿಕಾರ ಇನ್ನೊಬ್ಬರದು ಅಂದರೆ ಏನು ಅಂತ ಕಿತ್ತೂರಿನ ಪಕ್ಕದಲ್ಲಿರೋ ನಮಗೆ ಬಿಡಿಸಿ ಹೇಳಬೇಕಾ? 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಮೊದಲು ಕೈ ಹಾಕಿದ್ದೇ ಖಜಾನೆಗೆ. ಸೀಲು ಹಾಕಿ, ತನ್ನವರನ್ನು ಕಾವಲಿಗಿಟ್ಟ. ಸಂಸ್ಥಾನದ ಹೆಸರು ಹಾಗೇ ಇತ್ತು, ಗದ್ದುಗೆಯೂ ಇತ್ತು. ಆದರೆ ಬೀಗದ ಕೈ ಅವನ ಹತ್ತಿರ. ಚೆನ್ನಮ್ಮನಿಗೆ ಕೋಟೆ ಇತ್ತು, ಜನ ಇದ್ದರು. ಅಕ್ಟೋಬರ್ 23ಕ್ಕೆ ಥ್ಯಾಕರೆ ಹೆಣವಾದ. ಲೋಗನಾಥನ್ ಹತ್ತಿರ ಒಬ್ಬ ಪೇದೆಯೂ ಇರಲಿಲ್ಲ. ಬೇಡ ಅನ್ನೋದೊಂದೇ ಅವರ ಕೈಲಿದ್ದದ್ದು. ಅದನ್ನಾದರೂ ಅಂದರಲ್ಲ, ಅದಕ್ಕೇ ನನಗೆ ಆ ಮನುಷ್ಯನ ಮೇಲೆ ಗೌರವ. ಕುರ್ಚಿ ಸಿಕ್ಕರೆ ಸಾಕು ಅಂತ ಎಲ್ಲದಕ್ಕೂ ಸಹಿ ಹಾಕುವವರನ್ನು ನೋಡಿಲ್ವಾ ನಾವು!

ನೇತಾಜಿಯನ್ನು ಬೈಯಲು ನಾನು ಇದನ್ನು ಬರೆಯುತ್ತಿಲ್ಲ. ಬ್ರಿಟಿಷರ ವಿರುದ್ಧ ಬಂದೂಕು ಕೊಡುವವರು ಆಗ ಇನ್ಯಾರಿದ್ದರು? ಆದರೆ ಕೊಟ್ಟವರ ಲೆಕ್ಕವೇ ಬೇರೆ ಇತ್ತು. ನೇತಾಜಿಯ ಸೇನೆ ಐಎನ್‌ಎಯ ಅಧಿಕಾರಿಗಳ ಮೇಲೆ ಬ್ರಿಟಿಷರು ನಡೆಸಿದ 1945ರ ಕೆಂಪುಕೋಟೆ ವಿಚಾರಣೆಯಲ್ಲೂ ಇದೇ ಜಗ್ಗಾಟ. ನಮ್ಮದು ನಿಜವಾದ ಸರ್ಕಾರ, ನಮಗೆ ನೆಲವೂ ಇತ್ತು ಅಂತ ಐಎನ್‌ಎ ಪರ ವಕೀಲರು ಅಂಡಮಾನ್ ತೋರಿಸಿದರು. ಸಾಕ್ಷಿ ಹೇಳಲು ಕಟಕಟೆಗೆ ಬಂದವರಲ್ಲಿ ಲೋಗನಾಥನ್ ಕೂಡ ಒಬ್ಬರು. ಕೈಗೆ ಸಿಕ್ಕಿದ್ದು ಬರೀ ಶಾಲೆಗಳು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

2018ರಲ್ಲಿ ಅಲ್ಲಿನ ಮೂರು ದ್ವೀಪಗಳಿಗೆ ನೇತಾಜಿ, ಶಹೀದ್, ಸ್ವರಾಜ್ ಅಂತ ಹೊಸ ಹೆಸರು ಬಂತು. ಒಳ್ಳೆಯದೇ. ಆದರೆ ಹಂಫ್ರಿಗಂಜ್ ಮಾತು ಎತ್ತಿದರೆ ನೇತಾಜಿಗೆ ಅವಮಾನ ಅಂತಾರಲ್ಲ ಕೆಲವರು, ಆ ವಾದ ನನಗಂತೂ ಒಪ್ಪಿಗೆ ಇಲ್ಲ. ಸತ್ತವರೂ ಅವರದೇ ಜನ.