ಜನ ಮುಂದೆ ಬರಲ್ಲ ಅನ್ನುವ ಮೊದಲು ಕುರ್ಚಿ ಹೇಗೆ ಹಾಕಿದ್ದೀರಿ ನೋಡಿ

ಸಂಘ ಯಾವುದೇ ಇರಲಿ, ಪದಾಧಿಕಾರಿಗಳ ಬಾಯಲ್ಲಿ ಒಂದು ಮಾತು ಇದ್ದೇ ಇರುತ್ತದೆ. "ಏನ್ ಮಾಡೋದು ಹೇಳಿ, ಜನ ಮುಂದೆ ಬರೋದೇ ಇಲ್ಲ. ಎಲ್ಲಾ ನಾವು ನಾಲ್ಕೇ ಜನ ಹೊರಬೇಕು." ಇದನ್ನು ಕೇಳಿದಾಗೆಲ್ಲ ನನಗೆ ತಿರುಗಿ ಕೇಳಬೇಕು ಅನಿಸುತ್ತದೆ: ಬಂದವರಿಗೆ ಮಾಡೋಕೆ ಏನಾದರೂ ಉಳಿಸಿದ್ದೀರಾ?

ಅವನು ಮಾತೇ ಆಡಲ್ಲ, ಇವಳಿಗೆ ಜವಾಬ್ದಾರಿ ಇಲ್ಲ ಅಂತ ಹೇಳಿಬಿಡುವುದು ಸುಲಭ. ಅವರು ಕೂತ ಜಾಗ ಎಂಥದ್ದು, ಅಲ್ಲಿ ಅವರಿಂದ ಯಾರಿಗೆ ಏನು ಬೇಕಿತ್ತು ಅಂತ ಕೇಳುವವರು ಕಡಿಮೆ.

ಇದನ್ನೇ ಕೇಳಿದವರು ಮನಶ್ಶಾಸ್ತ್ರಜ್ಞ ರೋಜರ್ ಬಾರ್ಕರ್. 1947ರಲ್ಲಿ ಹರ್ಬರ್ಟ್ ರೈಟ್ ಜೊತೆ ಸೇರಿ ಅಮೆರಿಕದ ಕ್ಯಾನ್ಸಸ್ ರಾಜ್ಯದ ಒಸ್ಕಲೂಸಾ ಎಂಬ ಪುಟ್ಟ ಊರಿನಲ್ಲಿ ಒಂದು ಅಧ್ಯಯನ ಕೇಂದ್ರ ತೆರೆದರು. ಅದು 1972ರವರೆಗೆ ನಡೆಯಿತು. ಜನರನ್ನು ಪ್ರಯೋಗಾಲಯಕ್ಕೆ ಕರೆಸುವ ಗೋಜಿಗೇ ಅವರು ಹೋಗಲಿಲ್ಲ. ಊರಿನಲ್ಲೇ ಇದ್ದು, ಜನ ಏನು ಮಾಡುತ್ತಾರೆ ಅಂತ ಸುಮ್ನೆ ನೋಡಿ ಬರೆದುಕೊಂಡರು. ಏಳು ವರ್ಷದ ಹುಡುಗನೊಬ್ಬ ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಮಾಡಿದ್ದನ್ನೆಲ್ಲ ಸರದಿ ಮೇಲೆ ಬರೆದು, 1951ರಲ್ಲಿ ಒಂದು ಇಡೀ ಪುಸ್ತಕವನ್ನೇ ತಂದರು. ಒಂದು ದಿನಕ್ಕೆ ಒಂದು ಪುಸ್ತಕ! ಈ ತಾಳ್ಮೆ ನನಗಂತೂ ಬರಲ್ಲ.

ಅವರಿಗೆ ಕಂಡದ್ದು ಇಷ್ಟು. ಒಂದೇ ಮಗು ತರಗತಿಯಲ್ಲಿ ಒಂದು ಥರ, ಮೈದಾನದಲ್ಲಿ ಇನ್ನೊಂದು ಥರ. ಆದರೆ ಬೇರೆ ಬೇರೆ ಮಕ್ಕಳು ಒಂದೇ ತರಗತಿಯಲ್ಲಿ ಹೆಚ್ಚುಕಮ್ಮಿ ಒಂದೇ ಥರ. ಮಗು ಹೇಗಿರುತ್ತದೆ ಅಂತ ಊಹಿಸಬೇಕಾದರೆ ಅದು ಯಾರ ಮಗು ಅನ್ನುವುದಕ್ಕಿಂತ ಈಗ ಎಲ್ಲಿದೆ ಅನ್ನುವುದೇ ಎಷ್ಟೋ ಸಲ ಜಾಸ್ತಿ ಕೆಲಸಕ್ಕೆ ಬರುತ್ತದೆ. ಸ್ವಭಾವ ಅನ್ನುವುದೇ ಇಲ್ಲ ಅಂತಲ್ಲ. ನಾವು ಅದಕ್ಕೆ ಕೊಡುವ ಮಾರ್ಕ್ಸ್ ಸ್ವಲ್ಪ ಜಾಸ್ತಿ ಆಯಿತು, ಅಷ್ಟೇ.

ಸಂಘದವರು ನೋಡಬೇಕಾದ್ದು ಬಾರ್ಕರ್ ಮತ್ತು ಪಾಲ್ ಗಂಪ್ 1964ರಲ್ಲಿ ಹೊರತಂದ ಕೆಲಸ. ಕ್ಯಾನ್ಸಸ್‌ನ ಹೈಸ್ಕೂಲುಗಳನ್ನು ಹೋಲಿಸಿದರು. ತೀರಾ ಸಣ್ಣದರಲ್ಲಿ 35 ಮಕ್ಕಳು, ತೀರಾ ದೊಡ್ಡದರಲ್ಲಿ 2,287. ಅಂದರೆ ಮಕ್ಕಳು 65 ಪಟ್ಟು. ಆದರೆ ಅವರೆಲ್ಲ ಭಾಗವಹಿಸಬಹುದಾದ ತಂಡ, ನಾಟಕ, ಕೂಟ, ತರಗತಿ ಎಲ್ಲ ಸೇರಿಸಿದರೂ ಸುಮಾರು ಎಂಟು ಪಟ್ಟು ಮಾತ್ರ. ಉಳಿದವರು ಏನು ಮಾಡಬೇಕು? ಕೂತು ನೋಡಬೇಕು, ಚಪ್ಪಾಳೆ ತಟ್ಟಬೇಕು.

ಸಣ್ಣ ಶಾಲೆಯಲ್ಲಿ ಈ ಸುಖ ಇಲ್ಲ. ನಾಟಕಕ್ಕೆ ಹತ್ತು ಪಾತ್ರ ಬೇಕು, ಸಿಗುವವರು ಎಂಟೇ ಜನ ಅಂದರೆ ನಾಚಿಕೆಯ ಹುಡುಗನನ್ನೂ ಎಳೆದು ತರಲೇಬೇಕು. ಓದಿನಲ್ಲಿ ಹಿಂದೆ ಇರುವವನೂ ಪರದೆ ಎಳೆಯುವುದಕ್ಕಾದರೂ ಬೇಕು. ಅವನು ಒಂದು ದಿನ ಬರದಿದ್ದರೆ ಪರದೆ ಏಳಲ್ಲ. ಅಲ್ಲಿನ ಮಕ್ಕಳೇ 'ನಾನು ಹೋಗಲೇಬೇಕು, ನನ್ನನ್ನು ನಂಬಿದ್ದಾರೆ' ಅನ್ನುವ ಅರ್ಥದ ಮಾತನ್ನು ಜಾಸ್ತಿ ಆಡಿದರು. ಜವಾಬ್ದಾರಿ ಬಗ್ಗೆ ಅವರಿಗೆ ಯಾರೂ ಭಾಷಣ ಬಿಗಿದಿರಲಿಲ್ಲ. ಕೆಲಸ ಖಾಲಿ ಇತ್ತು, ಮಾಡುವವರು ಕಡಿಮೆ ಇದ್ದರು.

ಇನ್ನು ಕುರ್ಚಿಯ ವಿಷಯ. 1950ರ ದಶಕದಲ್ಲಿ ಕೆನಡಾದ ಸಸ್ಕಾಚೆವಾನ್‌ನ ಆಸ್ಪತ್ರೆಯೊಂದರಲ್ಲಿ ವಯಸ್ಸಾದ ಹೆಂಗಸರ ವಾರ್ಡು. ಚೆನ್ನಾಗಿಯೇ ಹೊಸದು ಮಾಡಿಸಿದ್ದರು. ಆದರೂ ಅಜ್ಜಿಯರು ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ. ಮನಶ್ಶಾಸ್ತ್ರಜ್ಞ ರಾಬರ್ಟ್ ಸೊಮರ್ ನೋಡಿದರೆ ಕುರ್ಚಿಗಳೆಲ್ಲ ಗೋಡೆಗೆ ಒರಗಿ ಸಾಲಾಗಿ ನಿಂತಿವೆ. ಪಕ್ಕದವರ ಜೊತೆ ಎರಡು ಮಾತಾಡಬೇಕಾದರೆ ಕತ್ತನ್ನು ಪೂರ್ತಿ ತಿರುಗಿಸಬೇಕು. ಎದುರಿನವರೋ ಆರಾಮಾಗಿ ಮಾತಾಡೋಕೆ ಆಗದಷ್ಟು ದೂರ. ಹಾಗೆ ಜೋಡಿಸಿದರೆ ಗುಡಿಸೋಕೆ ಸುಲಭ, ನೋಡೋಕೂ ನೀಟು.

ಸೊಮರ್ ನಡುವೆ ಚಿಕ್ಕ ಚೌಕದ ಮೇಜುಗಳನ್ನು ಹಾಕಿಸಿ ಸುತ್ತ ಕುರ್ಚಿ ಇಡಿಸಿದರು. ಮೊದಮೊದಲು ಕುರ್ಚಿಗಳು ಮತ್ತೆ ಮತ್ತೆ ಗೋಡೆ ಪಕ್ಕಕ್ಕೇ ಹೋಗುತ್ತಿದ್ದವು. ವಾರಗಳು ಕಳೆದ ಮೇಲೆ ಎಣಿಸಿದಾಗ ಮಾತುಕತೆ ಎದ್ದು ಕಾಣುವಷ್ಟು ಹೆಚ್ಚಿತ್ತು. ಮೇಜಿನ ಮೇಲಿಟ್ಟ ಪತ್ರಿಕೆ ಓದುವವರೂ ಹೆಚ್ಚಿದರು. ಅಜ್ಜಿಯರು ಅವರೇ. ಬದಲಾದದ್ದು ಮೇಜು, ಕುರ್ಚಿ.

ಈಗ ನಮ್ಮ ಸಭೆಗಳನ್ನು ನೋಡಿ. ವೇದಿಕೆ ಎತ್ತರದಲ್ಲಿ, ಮೈಕು ಒಂದೇ, ಅದೂ ಅಧ್ಯಕ್ಷರ ಕೈಯಲ್ಲಿ. ಕೇಳುವವರಿಗೆ ಕಾಣುವುದು ಮುಂದಿನವರ ಬೆನ್ನು. ಎರಡು ಗಂಟೆ ಹಾಗೆ ಕೂರಿಸಿ, ಕೊನೆಗೆ ಐದು ನಿಮಿಷ ಇರುವಾಗ "ಯಾರಾದ್ರೂ ಏನಾದ್ರೂ ಹೇಳ್ತೀರಾ?" ಅಂತಾರೆ. ಯಾರು ಹೇಳ್ತಾರೆ?

ಕೆಲಸ ಹಂಚಿಕೆಯೂ ಅಷ್ಟೇ. "ಎಲ್ಲರೂ ಕೈಜೋಡಿಸಿ" ಅಂದರೆ ಕೈಗೆ ಏನೂ ಸಿಗಲ್ಲ. "ಹಾಜರಿ ಪುಸ್ತಕ ನಿಮ್ಮ ಹತ್ರ ಇರಲಿ, ಮುಂದಿನ ಸಲ ನೀವೇ ತರಬೇಕು" ಅಂದರೆ ಆ ಮನುಷ್ಯ ಬಂದೇ ಬರ್ತಾನೆ ಅನ್ನುವ ಖಾತ್ರಿ ಇಲ್ಲ, ಆದರೆ ಬರೋಕೆ ಒಂದು ಕಾರಣವಂತೂ ಹುಟ್ಟುತ್ತದೆ.

ಇದರ ಇನ್ನೊಂದು ಮುಖವೂ ಇದೆ. ಜನ ತೀರಾ ಕಡಿಮೆಯಾದರೆ ಇದ್ದವರು ಸುಸ್ತಾಗುತ್ತಾರೆ, ಕೆಲಸ ಕೆಡುತ್ತದೆ, ಒಬ್ಬರು ಬಿಟ್ಟರೆ ಎಲ್ಲ ಕುಸಿಯುತ್ತದೆ. ಆದರೆ "ನಾಲ್ಕೇ ಜನ ಹೊರಬೇಕು" ಅನ್ನುವ ಸಂಘಗಳಲ್ಲಿ ನಾನು ಕಂಡಿರುವ ಕಷ್ಟ ಅದಲ್ಲ. ಅಲ್ಲಿ ಸದಸ್ಯರು ಇನ್ನೂರು ಜನ, ಕೆಲಸಗಳು ಆರು, ಆರೂ ಆ ನಾಲ್ಕು ಜನರ ಕೈಯಲ್ಲೇ. ಒಂದನ್ನು ಬಿಟ್ಟುಕೊಡಿ ಅಂದರೆ "ಅವರಿಗೆ ಅದೆಲ್ಲ ಗೊತ್ತಾಗಲ್ಲ" ಅಂತಾರೆ.